ಒಜ್‌ಏಷ್ಯಾದ ಬಯಲು ಸಿನಿಮಾ: ಮಕ್ಕಳಿದ್ರೆ ಹೋಗಿ, ಸ್ವೆಟರ್ ಮರೀಬೇಡಿ

ಅಡಿಲೇಡ್‌ನಲ್ಲಿರೋ ನಮ್ಮ ಕನ್ನಡದವ್ರು ಯಾರಾದ್ರೂ ಒಜ್‌ಏಷ್ಯಾ ಫೆಸ್ಟಿವಲ್ (ಏಷ್ಯಾದ ಕಲೆಗಳ ಹಬ್ಬ) ಅಂದ್ರೆ ಬರೀ ದುಡ್ಡು ಕೊಟ್ಟು ನೋಡೋ ಡ್ಯಾನ್ಸು, ನಾಟಕ ಅಂದ್ಕೊಂಡಿದ್ರೆ, ಬಯಲಲ್ಲಿ ಫ್ರೀ ಫ್ಯಾಮಿಲಿ ಸಿನಿಮಾ ಹಾಕೋ ಸಂಜೆ ಒಂದ್ಸಲ ಹೋಗ್ಬನ್ನಿ. 2007ರಲ್ಲಿ ಅಡಿಲೇಡ್ ಫೆಸ್ಟಿವಲ್ ಸೆಂಟರ್‌ನವ್ರು ಶುರು ಮಾಡಿದ್ದು ಈ ಫೆಸ್ಟಿವಲ್. ಟಾರೆನ್ಸ್ ನದಿ ಪಕ್ಕ, ರೈಲ್ವೆ ಸ್ಟೇಷನ್‌ನಿಂದ ನಡ್ಕೊಂಡೇ ಹೋಗ್ಬಹುದು, ಪಾರ್ಕಿಂಗ್ ತಲೆನೋವು ಇಲ್ಲ.

ನಂಗೆ ಸಿನಿಮಾಗಿಂತ ಇಷ್ಟ ಆಗಿದ್ದು ಅದು ಫ್ರೀ ಅನ್ನೋದು, ಜಿಪುಣಿ ಅಂತ ನಗ್ಬೇಡಿ. ಥಿಯೇಟರ್‌ನಲ್ಲಿ ಮಗು ಅರ್ಧಕ್ಕೇ ರಚ್ಚೆ ಹಿಡಿದ್ರೆ ನಮ್ಮ ಬಾಯಲ್ಲಿ ಮೊದಲು ಬರೋದೇ "ಅಷ್ಟು ದುಡ್ಡು ಕೊಟ್ಟಿದೀವಿ, ಸುಮ್ನೆ ಕೂತ್ಕೋ". ಇಲ್ಲಿ ಆ ಮಾತಿಗೆ ಜಾಗಾನೇ ಇಲ್ಲ. ನಮ್ಮ ಚಿಕ್ಕವ್ನು ಚಾಪೆ ಮೇಲೆ ಸ್ವಲ್ಪ ಹೊತ್ತು ಕೂತ, ಆಮೇಲೆ ಯಾವ್ದೋ ಹುಡುಗಿ ಜೊತೆ ಹುಲ್ಲಲ್ಲಿ ಉರುಳಾಡೋಕೆ ಶುರು, ಪರದೆ ಕಡೆಯಿಂದ ಧಡಾರ್ ಅಂತ ಏನಾದ್ರೂ ಸದ್ದು ಬಂದ್ರೆ ಇಬ್ರೂ ಬಾಯಿ ಬಿಟ್ಕೊಂಡು ನಿಂತು ನೋಡೋದು, ಮತ್ತೆ ಓಟ. ಪಕ್ಕದ ಚಾಪೆ ತಾತ ಆರಾಮಾಗಿ ಗೊರಕೆ ಹೊಡೀತಿದ್ರು, ಯಾರೂ ಎಬ್ಬಿಸ್ಲಿಲ್ಲ.

ಕಾಟ ಕೊಡೋದು ಅಂದ್ರೆ ಸೂರ್ಯ. ಅಕ್ಟೋಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದ್ಗಂಟೆ ಮುಂದೆ ಹೋಗುತ್ತಲ್ಲ, ಫೆಸ್ಟಿವಲ್ ನಡೆಯೋ ಆ ತಿಂಗಳ ಕೊನೆಗೆ ಹೊತ್ತು ಮುಳುಗೋದೇ ಏಳೂವರೆ ಸುಮಾರಿಗೆ, ಕತ್ತಲಾಗೋ ತನಕ ಹೊರಗಡೆ ಪರದೆ ಮೇಲೆ ಎಲ್ಲಾ ಮಂಕು ಮಂಕು. ಎಂಟಕ್ಕೆ ಮಲಗೋ ಮಕ್ಕಳಿಗೆ ಮಧ್ಯಾಹ್ನ ಒಂದು ನಿದ್ದೆ ಮಾಡಿಸ್ಕೊಂಡೇ ಬನ್ನಿ. ಹಗಲು ಸೆಕೆ ಅಂತ ಟೀ ಶರ್ಟಲ್ಲಿ ಬಂದ್ರೆ ರಾತ್ರಿ ನದಿ ಗಾಳಿಗೆ ನಡುಗ್ತೀರ, ದಪ್ಪ ಚಾಪೆ, ಸ್ವೆಟರ್ ಎರಡೂ ಇರ್ಲಿ.

ಇನ್ನೊಂದು, ಸಿನಿಮಾ ಇಂಗ್ಲಿಷ್ ಡಬ್ಬಿಂಗಾ ಇಲ್ಲ ಸಬ್‌ಟೈಟಲ್ಲಾ ಅಂತ ಮೊದ್ಲೇ ನೋಡ್ಕೊಳಿ. ಓದೋಕೆ ಬರದ ಮಗು ಇದ್ರೆ ಕೊನೇವರ್ಗೂ ನೀವೇ ಕಾಮೆಂಟ್ರಿ ಕೊಡ್ಬೇಕು (ನಮ್ಮನೆಯವ್ರು ಕನ್ನಡದಲ್ಲಿ ಕಥೆ ಹೇಳ್ತಾ ಹೇಳ್ತಾ ಇಲ್ಲದ ರಾಕ್ಷಸನ್ನೂ ಸೇರಿಸ್ಬಿಟ್ರು, ನಿಜ ಹೇಳ್ಬೇಕಂದ್ರೆ ಅದೇ ಚೆನ್ನಾಗಿತ್ತು).

ಊಟಕ್ಕೆ ಫೆಸ್ಟಿವಲ್‌ನದ್ದೇ ಲಕ್ಕಿ ಡಂಪ್ಲಿಂಗ್ ಮಾರ್ಕೆಟ್ ಇದೆ, ಒಳಗೆ ಹೋಗೋಕೆ ಫ್ರೀ, ತಿನ್ನೋಕಲ್ಲ. ಸಸ್ಯಾಹಾರಿಗಳು ಬರೀ ತರಕಾರಿ ಕಾಣ್ತಿದೆ ಅಂತ ತಗೋಬೇಡಿ, ಫಿಶ್ ಸಾಸ್, ಆಯ್ಸ್ಟರ್ ಸಾಸ್ ಹಾಕಿದಾರಾ ಅಂತ ಬಾಯ್ಬಿಟ್ಟು ಕೇಳಿ. ಸಿನಿಮಾಗೆ ಮುಂಚೆನೇ ತಿಂದು ಮುಗಿಸಿ, ಮಧ್ಯದಲ್ಲಿ ಎದ್ದು ಹೋಗಿ ಕ್ಯೂ ನಿಂತ್ರೆ ಒಂದು ಪ್ಲೇಟ್ ನೂಡಲ್ಸ್ ಕೈಗೆ ಬರೋಷ್ಟ್ರಲ್ಲಿ ಕ್ಲೈಮ್ಯಾಕ್ಸ್ ಮುಗಿದಿರುತ್ತೆ.