ಬಾಟಲಿ ಬೇರೆ, ಒಳಗಿನ ಔಷಧಿ ಒಂದೇ! ಗದ್ದೆ ಮಾಡುವವರು ಓದಿ

ಪೊನ್ನಂಪೇಟೆ, ಗೋಣಿಕೊಪ್ಪ ಕಡೆ ಭತ್ತ ಬೆಳೆಯುವವರು ದಯವಿಟ್ಟು ಓದಿ. ನನಗಾದದ್ದು ನಿಮಗೆ ಆಗಬಾರದು.

ಎರಡು ಎಕರೆ ಗದ್ದೆ. ಸೆಪ್ಟೆಂಬರಿನಲ್ಲಿ ಬಿಡದ ಮಳೆ, ಮಂಜು. ಗರಿಯ ಮೇಲೆ ಕಣ್ಣಿನ ಆಕಾರದ ಚುಕ್ಕೆ, ನಡುವೆ ಬೂದಿ ಬಣ್ಣ, ಅಂಚು ಕಂದು. ಬೆಂಕಿ ರೋಗ, ಶಿಲೀಂಧ್ರದಿಂದ ಬರುವುದು. ವರ್ಷಗಳಿಂದ ಹೋಗುವ ಅಂಗಡಿಗೇ ಹೋದೆ. ಒಂದು ಬಾಟಲಿ ಕೊಟ್ಟರು, ಹೊಡೆದೆ. ಹದಿನೈದು ದಿನಕ್ಕೆ ಚುಕ್ಕೆ ಇನ್ನೂ ಜಾಸ್ತಿ. ಮತ್ತೆ ಹೋದೆ.

"ಅದು ಬಿಡಿ ಅಣ್ಣ, ಇದು ಬೇರೆಯೇ ಔಷಧಿ. ಪವರ್ ಜಾಸ್ತಿ" ಅಂದರು. ರೇಟೂ ಜಾಸ್ತಿ. ಬೇರೆಯೇ ಔಷಧಿ ಅಂತ ಎರಡು ಸಲ ಹೇಳಿದರು, ನನಗೆ ಚೆನ್ನಾಗಿ ನೆನಪಿದೆ.

ತೆನೆ ಬಂತು. ಕುತ್ತಿಗೆ ಕಪ್ಪಾಗಿ ಮುರಿದು ತೆನೆ ಬಿಳಿಚಿಕೊಂಡಿತು. ಹಿಸುಕಿದರೆ ಹಾಲಿಲ್ಲ, ಬರೀ ಜೊಳ್ಳು. ಹುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ತರಲು ಪಕ್ಕದವರ ಗದ್ದೆಗೆ ಹೋಗಬೇಕಾಯಿತು.

ಒಂದು ರಾತ್ರಿ ಎರಡೂ ಖಾಲಿ ಬಾಟಲಿಗಳನ್ನು ಜಗಲಿಯಲ್ಲಿ ಪಕ್ಕಪಕ್ಕ ಇಟ್ಟೆ. ಇರುವೆಯಂಥ ಅಕ್ಷರ. ಮಗಳು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದಳು. ಒಂದರಲ್ಲಿ ಅಜಾಕ್ಸಿಸ್ಟ್ರೋಬಿನ್ 23%. ಇನ್ನೊಂದರಲ್ಲೂ ಅಜಾಕ್ಸಿಸ್ಟ್ರೋಬಿನ್ 23%. "ಅಪ್ಪ, ಎರಡೂ ಒಂದೇ ಅಲ್ವಾ?" ಅಂದಳು. ನನಗೆ ಮಾತೇ ಹೊರಡಲಿಲ್ಲ. ಅವಳ ಮುಖ ನೋಡಲು ನಾಚಿಕೆ ಆಯಿತು.

ಮಾರನೇ ದಿನ ಅಂಗಡಿಯಲ್ಲಿ ಕೇಳಿದೆ. "ಕಂಪನಿ ಬೇರೆ ಅಲ್ವಾ ಅಣ್ಣ?" ಕಂಪನಿ ಕೇಳಿದ್ದು ಯಾರು? ಔಷಧಿ ಬೇರೆ ಅಂದಿರಲ್ಲ ಅಂದೆ. "ಎಲ್ಲರೂ ಒಯ್ಯುತ್ತಾರೆ, ನಿಮ್ಮೊಬ್ಬರದ್ದೇ ಕಂಪ್ಲೇಂಟ್. ನೀವು ಹೊಡೆದದ್ದು ಸರಿ ಇಲ್ಲ." ಕೊನೆಗೆ, "ಬಿಲ್ ಇದೆಯಾ?" ಬಿಲ್ ಎಲ್ಲಿ? ಅವರೇ ಚೀಟಿಯಲ್ಲಿ ಸುಮ್ನೆ "ಔಷಧಿ" ಅಂತ ಬರೆದು ಕೊಟ್ಟಿದ್ದರು!

ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದೆ. ಒಂದೇ ಗುಂಪಿನ, ಅಂದರೆ ಶಿಲೀಂಧ್ರವನ್ನು ಒಂದೇ ರೀತಿ ಕೊಲ್ಲುವ, ಔಷಧಿ ಮತ್ತೆ ಮತ್ತೆ ಹೊಡೆದರೆ ಅದಕ್ಕೆ ಸಾಯದ ಶಿಲೀಂಧ್ರ ಮಾತ್ರ ಉಳಿದು ಬೆಳೆಯುತ್ತದಂತೆ. ಆಮೇಲೆ ಆ ಗುಂಪಿನ ಯಾವ ಬ್ರಾಂಡೂ ನಾಟುವುದಿಲ್ಲ. ನನ್ನ ಗದ್ದೆಯಲ್ಲಿ ಆದದ್ದು ಅದೇ ಅಂತ ಪರೀಕ್ಷೆ ಮಾಡದೆ ಹೇಳಲಾಗದು ಅಂದರು, ಸರಿ. ಆದರೆ ಎರಡನೇ ಸಲಕ್ಕೆ ಗುಂಪು ಬದಲಿಸಲೇಬೇಕಿತ್ತು. ಸ್ಟ್ರೋಬಿನ್ ಅಂತ ಮುಗಿಯುವ ಹೆಸರುಗಳೆಲ್ಲ ಒಂದೇ ಗುಂಪು. ಬೆಂಕಿ ರೋಗದ ಇನ್ನೆರಡು ಔಷಧಿಗಳಾದ ಟ್ರೈಸೈಕ್ಲಜೋಲ್ ಬೇರೆ ಗುಂಪು, ಐಸೋಪ್ರೊಥಿಯೋಲೇನ್ ಮತ್ತೊಂದು ಗುಂಪು.

ಬ್ರಾಂಡ್ ಹೆಸರು ನಂಬಬೇಡಿ. ದುಡ್ಡು ಕೊಡುವ ಮೊದಲು ಒಳಗೇನಿದೆ ಓದಿ. ಹೋದ ಸಲದ ಬಾಟಲಿ ಕೈಯಲ್ಲಿ ಹಿಡಿದೇ ಹೋಗಿ. ಔಷಧಿ ಹೆಸರು ಬರೆದ ಬಿಲ್ ಕೊಡದಿದ್ದರೆ ಅಂಗಡಿಯಿಂದ ಎದ್ದು ಬನ್ನಿ. ನನ್ನ ಎರಡು ಬಾಟಲಿಗಳೂ ಇನ್ನೂ ಕೊಟ್ಟಿಗೆಯ ಮಾಡಿನಲ್ಲಿವೆ, ನಂಬಿಕೆ ಬಾರದವರು ಬಂದು ಓದಿ ನೋಡಿ.