ಸಿಗ್ನಲ್‌ನಲ್ಲಿ ನಿಂತರೆ ನಡುಗುತ್ತಿದ್ದ ಕಾರು ಮತ್ತು ಎರಡು ವರ್ಷ ಬಳಸಿದ ಒಬಿಡಿ ಸ್ಕ್ಯಾನರ್

ಕಾರಿನ ಕಂಪ್ಯೂಟರ್ ಕೊಡುವ ದೋಷದ ಕೋಡ್, ಸೆನ್ಸರ್‌ಗಳ ಅಂಕಿ ಓದಿ ತೋರಿಸುವ ಈ ಒಬಿಡಿ ಸ್ಕ್ಯಾನರ್ ತಗೊಂಡು ಎರಡು ವರ್ಷ ಮೂರು ತಿಂಗಳಾಯಿತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಸ್ಟೀರಿಂಗ್ ಕೆಳಗಿರುವ 16 ಪಿನ್ ಸಾಕೆಟ್‌ಗೆ ಸಿಕ್ಕಿಸಿ, ಬ್ಲೂಟೂತ್‌ನಲ್ಲಿ ಫೋನ್‌ಗೆ ಜೋಡಿಸಿಕೊಳ್ಳುವ ಮಾದರಿ. ಯಾವ ಚಿಪ್, ಎಷ್ಟು ಪ್ರೋಟೊಕಾಲ್ ಅನ್ನೋದೆಲ್ಲ ಡಬ್ಬಿಯ ಮೇಲೇ ಇದೆ, ಅದನ್ನು ಮತ್ತೆ ಬರೆಯಲ್ಲ. ನಾನು ಹೇಳಬೇಕಿರುವುದು ಅದು ತೋರಿಸುವ ಒಂದು ಅಂಕಿಯ ಬಗ್ಗೆ. ಆ ಅಂಕಿಯನ್ನು ನಡುಕ ಶುರುವಾದ ಮೊದಲ ದಿನವೇ ನೋಡಿದ್ದರೆ ನಾಲ್ಕು ಪ್ಲಗ್, ಒಂದು ಕಾಯಿಲ್, ಒಂದು ಆಕ್ಸಿಜನ್ ಸೆನ್ಸರ್‌ಗೆ ಸುರಿದ ದುಡ್ಡು ಉಳಿಯುತ್ತಿತ್ತು.

ನನ್ನದು 11 ವರ್ಷ ಹಳೆಯ ಪೆಟ್ರೋಲ್ ಕಾರು. ಓಡುವಾಗ ಒಂದು ಮಾತೂ ಆಡುವ ಹಾಗಿರಲಿಲ್ಲ, ಪಿಕಪ್ ಚೆನ್ನಾಗಿಯೇ ಇತ್ತು. ನಿಂತರೆ ಮಾತ್ರ ತೊಂದರೆ. 750ರಲ್ಲಿ ಕೂರಬೇಕಾದ ಆರ್‌ಪಿಎಂ ಮುಳ್ಳು 550ಕ್ಕೆ ಇಳಿದು, 800ಕ್ಕೆ ಹಾರಿ, ಮತ್ತೆ ಇಳಿಯುತ್ತಿತ್ತು. ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಡಿ ಮಸುಕಾಗುವಷ್ಟು ನಡುಕ. ಎಸಿ ಹಾಕಿದರೆ ಕೆಲವೊಮ್ಮೆ ಎಂಜಿನ್ ಆಫ್ ಆಗಿಬಿಡುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಪ್ಪ ಒಂದು ದಿನ, "ಉಸಿರು ಕಟ್ಟಿ ಕಟ್ಟಿ ಬಿಡ್ತಾ ಇದೆ ಕಣೋ ಇದು, ಎಲ್ಲಾದರೂ ತೋರಿಸು" ಅಂದರು. ಅವರ ಮಾತು ಎಷ್ಟು ಸರಿಯಾಗಿತ್ತು ಅಂತ ಗೊತ್ತಾಗಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಗ್ಯಾರೇಜಿನಲ್ಲಿ ಮೊದಲು ಪ್ಲಗ್ ಹಾಕಿದರು. ಒಂದು ವಾರ ಸರಿಯಾದ ಹಾಗೆ ಅನ್ನಿಸಿತು. ಆಮೇಲೆ ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ಬದಲಾಯಿತು, ನಡುಕ ಹಾಗೇ ಉಳಿಯಿತು. ಅಷ್ಟರಲ್ಲಿ ಚೆಕ್ ಎಂಜಿನ್ ಲೈಟ್ ಕೂಡ ಬಂತು. ಪ್ರತಿ ಸಲ ಬೇರೆಯವರ ಮಾತು ನಂಬಿ ದುಡ್ಡು ಕೊಡುವ ಬದಲು ನಾನೇ ನೋಡೋಣ ಅಂತ ಈ ಸ್ಕ್ಯಾನರ್ ತರಿಸಿದೆ. ಅದರ ಬೆಲೆ ನಾನು ಆಗಲೇ ಹಾಕಿಸಿದ್ದ ಪ್ಲಗ್‌ಗಳಿಗಿಂತ ಕಡಿಮೆ.

ಮೊದಲ ಸಂಜೆ ಬಂದ ಕೋಡ್‌ಗಳು ಎರಡು: ಪಿ0171, ಪಿ0300. ಮೊದಲನೆಯದರ ಅರ್ಥ ಮಿಶ್ರಣದಲ್ಲಿ ಪೆಟ್ರೋಲ್ ಸಾಲುತ್ತಿಲ್ಲ, ಗಾಳಿ ಜಾಸ್ತಿ ಅಂತ. ಎರಡನೆಯದು ಯಾವುದೋ ಒಂದು ಸಿಲಿಂಡರ್ ಅಂತಿಲ್ಲದೆ ಅಲ್ಲಲ್ಲಿ ಮಿಸ್ ಹೊಡೆಯುತ್ತಿದೆ, ಅಂದರೆ ಮಿಶ್ರಣ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಅಂತ. ಇದರ ಜೊತೆ ಬರುವ ಆ್ಯಪ್ ಕೋಡ್‌ನ ಕೆಳಗೇ "ಸಂಭವನೀಯ ಕಾರಣ" ಅಂತ ಒಂದು ಬಿಡಿಭಾಗದ ಹೆಸರು ಹಾಕುತ್ತದೆ. ನನಗೆ ತೋರಿಸಿದ್ದು ಆಕ್ಸಿಜನ್ ಸೆನ್ಸರ್, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವಂಥದ್ದು. ಬದಲಾಯಿಸಿದೆ. ಏನೂ ಆಗಲಿಲ್ಲ. ಹಳೆಯ ಸೆನ್ಸರ್ ಗಾಳಿ ಜಾಸ್ತಿ ಇದೆ ಅಂತ ನಿಜವನ್ನೇ ಹೇಳುತ್ತಿತ್ತು, ನಾನು ಅದನ್ನೇ ಕಿತ್ತು ಹಾಕಿದ್ದೆ. ಈ ಒಂದು ಸಾಲಿನ ಸಲಹೆ ಕೊಡುವ ಅಭ್ಯಾಸಕ್ಕೆ ಈಗಲೂ ನನಗೆ ಸಿಟ್ಟಿದೆ. ಹೊಸಬರು ಅದನ್ನು ನಂಬಿಯೇ ನಂಬುತ್ತಾರೆ.

ವಾಪಸ್ ಕಳಿಸಬೇಕು ಅಂತ ಡಬ್ಬಿ ಹುಡುಕುತ್ತಿದ್ದಾಗ, ಕೊನೆಯದಾಗಿ ಒಂದು ಸಲ ಲೈವ್ ಡೇಟಾ ಪುಟ ತೆರೆದೆ. ಅಲ್ಲಿ ಫ್ಯುಯಲ್ ಟ್ರಿಮ್ ಅಂತ ಎರಡು ಸಾಲು ಇದ್ದವು, ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಎಂಜಿನ್‌ನ ಕಂಪ್ಯೂಟರ್ ಇದನ್ನು ಕಾಪಾಡಲು ಲೆಕ್ಕದ ಮೇಲೆ ಎಷ್ಟು ಪೆಟ್ರೋಲ್ ಹೆಚ್ಚಿಸುತ್ತಿದೆ, ಎಷ್ಟು ಕಡಿಮೆ ಮಾಡುತ್ತಿದೆ ಅನ್ನೋದು ಶೇಕಡಾ ಲೆಕ್ಕದಲ್ಲಿ ಇಲ್ಲಿ ಕಾಣುತ್ತದೆ. ಶಾರ್ಟ್ ಟರ್ಮ್ ಆ ಕ್ಷಣದ್ದು, ಸದಾ ಕುಣಿಯುತ್ತಿರುತ್ತದೆ. ಲಾಂಗ್ ಟರ್ಮ್ ಅಂದರೆ ದಿನಗಟ್ಟಲೆ ಓಡಿ ಕಲಿತುಕೊಂಡದ್ದು. ಎರಡೂ ಕೂಡಿ ಸೊನ್ನೆಯ ಆಚೀಚೆ 5ರೊಳಗೆ ಇದ್ದರೆ ಚಿಂತೆಯಿಲ್ಲ, 10 ದಾಟಿದರೆ ಹುಡುಕಬೇಕು.

ನನ್ನ ಕಾರಿನ ಲಾಂಗ್ ಟರ್ಮ್, ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ) +19.

ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದೆ. ಅಂಕಿ ಇಳಿಯುತ್ತಾ ಬಂದು +4ಕ್ಕೆ ನಿಂತಿತು. ಕಾಲು ತೆಗೆದೆ, ಮತ್ತೆ +19. ಹತ್ತು ಸಲವಾದರೂ ಹಾಗೇ ಮಾಡಿ ನೋಡಿರಬೇಕು. ಇದರ ಹಿಂದಿನ ಕಾರಣ ಸರಳ. ಐಡಲ್‌ನಲ್ಲಿ ಥ್ರಾಟಲ್, ಅಂದರೆ ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ, ಹೆಚ್ಚುಕಡಿಮೆ ಮುಚ್ಚಿರುತ್ತದೆ. ಎಂಜಿನ್ ಎಳೆಯುವ ಗಾಳಿ ತೀರಾ ಕಡಿಮೆ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗಿನ ಎಳೆತ ಮಾತ್ರ ಜೋರು. ಆಗ ಎಲ್ಲೋ ಒಂದು ಸಣ್ಣ ಬಿರುಕಿದ್ದರೆ, ಬರುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರ್‌ಗೆ ಲೆಕ್ಕ ಸಿಗದ ಹಾಗೆ ಒಳನುಗ್ಗುವ ಗಾಳಿಯ ಪಾಲು ದೊಡ್ಡದಾಗುತ್ತದೆ. ಥ್ರಾಟಲ್ ತೆರೆದು ಗಾಳಿ ಧಾರಾಳವಾಗಿ ಬರತೊಡಗಿದರೆ ಅದೇ ಬಿರುಕು ಲೆಕ್ಕಕ್ಕೇ ಇರುವುದಿಲ್ಲ. ಐಡಲ್‌ನಲ್ಲಿ ಸರಿಯಿದ್ದು, ಎಂಜಿನ್ ಮೇಲೆ ಭಾರ ಬಿದ್ದಾಗ ಅಂಕಿ ಏರುತ್ತಾ ಹೋದರೆ ಅದು ಬೇರೆ ಕಥೆ: ಪೆಟ್ರೋಲ್ ಪಂಪ್, ಫಿಲ್ಟರ್ ಅಥವಾ ಕೊಳೆಯಾದ ಏರ್‌ಫ್ಲೋ ಸೆನ್ಸರ್ ನೋಡಬೇಕು.

ಮಾರನೆಯ ಭಾನುವಾರ ಬಾನೆಟ್ ಎತ್ತಿ, ಎಂಜಿನ್ ಬಿಸಿ ಮಾಡಿ, ಫೋನನ್ನು ಬ್ಯಾಟರಿಯ ಮೇಲೆ ಒರಗಿಸಿ ಕೂತೆ. ಕೈಗವಸು ಹಾಕಿಕೊಂಡು, ಬೆಲ್ಟ್ ಮತ್ತು ಫ್ಯಾನ್ ಕಡೆ ಕೈ ಹೋಗದ ಹಾಗೆ, ಮ್ಯಾನಿಫೋಲ್ಡ್‌ಗೆ ಹೋಗುವ ಒಂದೊಂದೇ ರಬ್ಬರ್ ಪೈಪನ್ನು ಹಿಸುಕುತ್ತಾ ಬಂದೆ. ಹಿಂದುಗಡೆ, ಎಂಜಿನ್ ಒಳಗಿನ ಆವಿಯನ್ನು ಮತ್ತೆ ಇನ್‌ಟೇಕ್‌ಗೆ ಒಯ್ಯುವ ಪಿಸಿವಿ ಪೈಪ್ ಒಂದು ಕಡೆ ಮೊಣಕೈ ಹಾಗೆ ಬಾಗಿದೆ. ಮೇಲಿಂದ ನೋಡಿದರೆ ಹೊಸದರ ಹಾಗಿತ್ತು. ಬಾಗಿದ ಜಾಗದ ಅಡಿಗೆ ಬೆರಳು ಹಾಕಿದೆ. ಎಣ್ಣೆಯಲ್ಲಿ ನೆನೆದು ರಬ್ಬರ್ ಮೆತ್ತಗಾಗಿತ್ತು, ಉಗುರಿನಗಲದ ಸೀಳು ಕೈಗೆ ಸಿಕ್ಕಿತು. ಬೆರಳಿಟ್ಟು ಮುಚ್ಚಿದ ತಕ್ಷಣ ಅಷ್ಟು ಹೊತ್ತು ಕೇಳುತ್ತಿದ್ದ, ಎಂಜಿನ್ ಶಬ್ದವೇ ಅಂದುಕೊಂಡಿದ್ದ ಸಣ್ಣ ಸೀಟಿ ನಿಂತಿತು. ನಡುಕವೂ ನಿಂತಿತು. ಫೋನ್ ಕಡೆ ನೋಡಿದೆ: +2ರಲ್ಲಿದ್ದ ಶಾರ್ಟ್ ಟರ್ಮ್ ಸೊನ್ನೆ ದಾಟಿ −6, −11, −14. ಲಾಂಗ್ ಟರ್ಮ್ ಇನ್ನೂ +19ರಲ್ಲೇ ಇತ್ತು. ಕಳ್ಳಗಾಳಿ ನಿಂತರೂ ಹಳೆಯ ರೂಢಿಯಂತೆ ಬರುತ್ತಿದ್ದ ಹೆಚ್ಚುವರಿ ಪೆಟ್ರೋಲನ್ನು ಶಾರ್ಟ್ ಟರ್ಮ್ ಕಡಿತ ಮಾಡುತ್ತಿತ್ತು. ಬೆರಳು ತೆಗೆದರೆ ನಡುಕ, ಇಟ್ಟರೆ ಶಾಂತ. ಅಪ್ಪನನ್ನು ಕರೆದು ಅವರ ಬೆರಳನ್ನೂ ಅಲ್ಲಿ ಇಡಿಸಿದೆ. ಅವರು ಒಂದು ನಿಮಿಷ ಕೈ ತೆಗೆಯಲೇ ಇಲ್ಲ.

ಹೊಸ ಪೈಪ್ ಹಾಕಿ ನಾಲ್ಕು ದಿನ ಓಡಿಸಿದ ಮೇಲೆ ಲಾಂಗ್ ಟರ್ಮ್ +3ಕ್ಕೆ ಬಂದು ಕೂತಿತು. ನಾನು ಬದಲಾಯಿಸಿದ ಎಲ್ಲ ಸಾಮಾನಿಗಿಂತ ಆ ಪೈಪೇ ಅಗ್ಗ.

ಅಂದಿನಿಂದ ಭಾನುವಾರದ ಬೆಳಗು ನನಗೆ ಪ್ರಿಯವಾಗಿದೆ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಕೂತು, ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡುತ್ತೇನೆ. ಎಂಜಿನ್ ತಂಪು ಮಾಡುವ ಕೂಲಂಟ್ ಮತ್ತು ಒಳಬರುವ ಗಾಳಿ, ಎರಡರ ಉಷ್ಣತೆಯೂ ಆಗ ಹತ್ತಿರ ಹತ್ತಿರ ಒಂದೇ ಇರಬೇಕು. ಹಾಗಿದ್ದರೆ ಎರಡೂ ಸೆನ್ಸರ್ ಸರಿಯಿವೆ ಅನ್ನೋ ಧೈರ್ಯ ಬರುತ್ತದೆ. ಮ್ಯಾನಿಫೋಲ್ಡ್ ಒತ್ತಡ ಹೊರಗಿನ ಗಾಳಿಯಷ್ಟೇ, ಸುಮಾರು 100 ಕಿಲೊಪ್ಯಾಸ್ಕಲ್ ತೋರಿಸುತ್ತದೆ. ಸ್ಟಾರ್ಟ್ ಮಾಡಿದರೆ ಅದು ಧಡಕ್ಕನೆ ಕುಸಿಯುತ್ತದೆ. ಆರ್‌ಪಿಎಂ 1200ರಿಂದ ನಿಧಾನಕ್ಕೆ ಇಳಿಯುತ್ತದೆ. ಕೂಲಂಟ್ 88 ಡಿಗ್ರಿ ದಾಟುವ ಹೊತ್ತಿಗೆ 750ರಲ್ಲಿ ಮುಳ್ಳು ಅಲುಗದೆ ನಿಂತು, ಒತ್ತಡ 34ರ ಆಸುಪಾಸಿಗೆ ಬರುತ್ತದೆ. ಎಸಿ ಹಾಕುತ್ತೇನೆ. ಒಂದು ಕ್ಷಣ ಆರ್‌ಪಿಎಂ ಬಗ್ಗಿ ಮತ್ತೆ ಎದ್ದು ನಿಲ್ಲುತ್ತದೆ. ಟ್ರಿಮ್ ಅಂಕಿಗಳನ್ನು ಡೈರಿಯಲ್ಲಿ ಬರೆದಿಟ್ಟು ಇಳಿಯುತ್ತೇನೆ. ಹತ್ತು ನಿಮಿಷದ ಕೆಲಸ.

ಇಷ್ಟೆಲ್ಲ ಪ್ರೀತಿಯಿದ್ದರೂ ಒಂದು ದೊಡ್ಡ ದೂರು ಇದೆ. ಹೋದ ವರ್ಷ ಸ್ಕ್ಯಾನರನ್ನು ಸಾಕೆಟ್‌ನಲ್ಲೇ ಬಿಟ್ಟು ಹದಿನೈದು ದಿನ ಊರಲ್ಲಿರಲಿಲ್ಲ. ಆ ಸಾಕೆಟ್‌ನ 16ನೇ ಪಿನ್‌ಗೆ ಬ್ಯಾಟರಿಯ ಕರೆಂಟ್ ನೇರ ಬರುತ್ತದೆ, ಕೀ ತೆಗೆದರೂ ನಿಲ್ಲದು. ತಾನಾಗಿ ಮಲಗುವ ಸೌಲಭ್ಯ ಇದರಲ್ಲಿಲ್ಲ, ದೀಪ ಉರಿಯುತ್ತಲೇ ಇರುತ್ತದೆ. ಬಂದು ನೋಡಿದರೆ ಬ್ಯಾಟರಿ ಪೂರ್ತಿ ಸತ್ತಿತ್ತು. ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿದರೆ ಐಡಲ್ 500ಕ್ಕೆ ಬಿದ್ದು ಎಂಜಿನ್ ಆಫ್. ಎರಡು ದಿನದಲ್ಲಿ ಪಿ0506, ಅಂದರೆ ಐಡಲ್ ಇರಬೇಕಾದ್ದಕ್ಕಿಂತ ಕಡಿಮೆ ಅನ್ನೋ ಕೋಡ್. ಟ್ರಿಮ್ ಚೆನ್ನಾಗಿಯೇ ಇದ್ದದ್ದರಿಂದ ಈ ಸಲ ಪೈಪ್ ಹುಡುಕಲು ಹೋಗಲಿಲ್ಲ. ಥ್ರಾಟಲ್ ಬಾಡಿ ಬಿಚ್ಚಿದರೆ ತಟ್ಟೆಯ ಅಂಚಿನ ಸುತ್ತ ಕಪ್ಪು ಮಸಿ ಗಟ್ಟಿಯಾಗಿ ಕೂತಿತ್ತು. ಕಂಪ್ಯೂಟರ್ ವರ್ಷಗಳಿಂದ ತಟ್ಟೆಯನ್ನು ಸ್ವಲ್ಪ ಸ್ವಲ್ಪ ಹೆಚ್ಚು ತೆರೆದು ಅದನ್ನು ಸರಿದೂಗಿಸಿಕೊಂಡು ಬಂದಿತ್ತು. ಕರೆಂಟ್ ಹೋದಾಗ ಆ ನೆನಪೂ ಹೋಯಿತು. ಕ್ಲೀನರ್ ಮತ್ತು ಬಟ್ಟೆಯಲ್ಲಿ ಒರೆಸಿ, ಎಸಿ, ಲೈಟ್ ಎಲ್ಲ ಆಫ್ ಮಾಡಿ, ಬಿಸಿ ಎಂಜಿನ್ನನ್ನು ಹತ್ತು ನಿಮಿಷ ಸುಮ್ಮನೆ ಐಡಲ್‌ನಲ್ಲಿ ಬಿಟ್ಟ ಮೇಲೆ ಮತ್ತೆ ಕಲಿತುಕೊಂಡಿತು. ಈ ವಿಧಾನ ಕಾರಿನಿಂದ ಕಾರಿಗೆ ಬೇರೆ, ನಿಮ್ಮ ಮ್ಯಾನುಯಲ್ ನೋಡಿಯೇ ಮಾಡಿ. ಮಸಿ ನನ್ನ ಕಾರಿನದೇ ಸರಿ, ಬ್ಯಾಟರಿ ಹೋದದ್ದು ಮಾತ್ರ ಈ ಸ್ಕ್ಯಾನರ್‌ನಿಂದ. ಒಂದು ಸ್ವಿಚ್ ಇಟ್ಟಿದ್ದರೆ ಸಾಕಿತ್ತು.

ಇನ್ನೆರಡು ವಿಷಯ. ಆರೇಳು ಅಂಕಿ ಒಟ್ಟಿಗೆ ಹಾಕಿಕೊಂಡರೆ ತೀರಾ ನಿಧಾನ. ಒಂದೊಂದು ಸಲ ಮಾತ್ರ ಹೊಡೆಯುವ ಮಿಸ್ ಅದರ ಕಣ್ಣಿಗೆ ಬೀಳುವುದೇ ಇಲ್ಲ, ಅದಕ್ಕೆ ಸೈಲೆನ್ಸರ್ ಹತ್ತಿರ ನಿಂತು ಕಿವಿಗೊಡುವುದೇ ವಾಸಿ. ನಾನು ಎರಡೇ ಅಂಕಿ ಇಟ್ಟುಕೊಳ್ಳುತ್ತೇನೆ. ಇನ್ನೊಂದು, ಕೋಡ್ ಅಳಿಸುವ ಬಟನ್ ಪರದೆಯ ಕೆಳಗೆ ಹೆಬ್ಬೆರಳಿಗೆ ತಾಗುವಲ್ಲೇ ಇದೆ. ಅದನ್ನು ಒತ್ತಿದರೆ ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ, ಅಂದರೆ ದೋಷ ಕಂಡ ಕ್ಷಣದ ಆರ್‌ಪಿಎಂ, ಉಷ್ಣತೆ, ಟ್ರಿಮ್ ಎಲ್ಲದರ ದಾಖಲೆ. ಒತ್ತುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಕಾರು ತೀರಾ ಹಳೆಯದಾದರೆ ಕೊಳ್ಳುವ ಮುಂಚೆ ಸಾಕೆಟ್ ಇದೆಯೇ ನೋಡಿ. ಅಮೆರಿಕದಲ್ಲಿ ಇದು 1996ರ ಮಾದರಿಗಳಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಕಡ್ಡಾಯವಾಯಿತು. ಹಲವು ಕಡೆ ಇನ್ನೂ ತಡ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಡಿಮೆಯಾದ ಒಂದು ಆ ಬ್ಯಾಟರಿಯ ಲೆಕ್ಕದ್ದು. ಈ ಭಾನುವಾರ ಡೈರಿಯಲ್ಲಿ ಬರೆದದ್ದು: ಐಡಲ್ 750, ಲಾಂಗ್ ಟರ್ಮ್ +2, ಸ್ಕ್ಯಾನರ್ ಬಿಚ್ಚಿ ಡ್ಯಾಶ್‌ಬೋರ್ಡ್ ಡಬ್ಬದಲ್ಲಿ ಇಟ್ಟಿದೆ.