ಹದ್ದು ಉಳಿಸ್ತೀನಿ ಅಂತ ಬಂದವನನ್ನು ನಂಬಿ ಕೆಟ್ಟೆ

ದಯವಿಟ್ಟು ಪೂರ್ತಿ ಓದಿ. ಆಷಾಢದ ಗಾಳಿ ಶುರುವಾಗಿದೆ, ಬೆಂಗಳೂರಲ್ಲಿ ಮರಮರಕ್ಕೂ ಗಾಳಿಪಟದ ಮಾಂಜಾ ದಾರ (ಗಾಜಿನ ಪುಡಿ ಸವರಿದ ದಾರ) ನೇತಾಡುತ್ತಿದೆ. ನಾಳೆ ನಿಮ್ಮ ತಾರಸಿಗೂ ಹದ್ದು ಬೀಳಬಹುದು.

ಹೋದ ಭಾನುವಾರ ನಮ್ಮ ತಾರಸಿಗೆ ಬಿತ್ತು. ದಾರ ಅದರ ರೆಕ್ಕೆಯನ್ನು ಮೂಳೆ ಕಾಣುವಷ್ಟು ಕೊಯ್ದಿತ್ತು. ವಾಟ್ಸಾಪ್ ಗುಂಪಿನಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಬಂದ. "ಹದಿನೈದು ವರ್ಷದಿಂದ ಇದೇ ಕೆಲಸ ಮೇಡಂ" ಅಂದ. ಔಷಧಿಗೆ ಅಂತ 2,500 ರೂಪಾಯಿ ಕೇಳಿದ. ಕೊಟ್ಟೆ.

ಟವೆಲ್ ಇಲ್ಲ, ಪೆಟ್ಟಿಗೆ ಇಲ್ಲ. ಎರಡೂ ಕೈಯಲ್ಲಿ ಎದೆಯನ್ನೇ ಅಮುಕಿ ಹಿಡಿದ. ಹದ್ದು ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. "ಉಸಿರು ಕಟ್ಟುತ್ತೆ ಅಲ್ವಾ?" ಅಂದೆ. "ಗಟ್ಟಿಯಾಗಿ ಹಿಡೀದಿದ್ರೆ ಕಣ್ಣು ಕೀಳುತ್ತೆ, ನಿಮಗೆ ಗೊತ್ತಾಗಲ್ಲ" ಅಂದ. ಹಾಗೇ ಹಿಡಿದು ನನ್ನಿಂದಲೇ ನಾಲ್ಕು ಫೋಟೋ ತೆಗೆಸಿಕೊಂಡ. ಆಮೇಲೆ ಸಿರಿಂಜಿನಲ್ಲಿ ಬಾಯಿಗೆ ನೀರು ಬಿಟ್ಟ. ಅದು ಕೆಮ್ಮಿದ ಹಾಗೆ ತಲೆ ಕೊಡವಿತು. ನಾನು ಸುಮ್ನೆ ನಿಂತು ನೋಡಿದೆ. ಸಾಲದ್ದಕ್ಕೆ ಗುಂಪಿನಲ್ಲಿ ಅವನಿಗೆ ಧನ್ಯವಾದ ಹಾಕಿದೆ. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮೂರನೇ ದಿನ "ಚೆನ್ನಾಗಿದೆ, ಊಟಕ್ಕೆ 2,000 ಕಳಿಸಿ" ಅಂತ ಮೆಸೇಜ್, ಜೊತೆಗೆ ಫೋಟೋ. ನೋಡಿದರೆ ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ಅದು ಗರುಡ! ನಾನು ಕೊಟ್ಟಿದ್ದು ಮೈಯೆಲ್ಲ ಕಂದು, ಬಾಲ ಕವಲಾದ ಹದ್ದು. ಕೇಳಿದೆ. "ಬಿಸಿಲಿಗೆ ಹಾಗೆ ಕಾಣುತ್ತೆ" ಅಂದ. ಬಿಸಿಲಿಗೆ! ಮತ್ತೆ ಕೇಳಿದ್ದಕ್ಕೆ "ನಿನ್ನೇನೇ ಹಾರಿಸಿಬಿಟ್ವಿ ಮೇಡಂ." ಮೂಳೆ ಕಾಣುತ್ತಿದ್ದ ರೆಕ್ಕೆ ಎರಡು ದಿನಕ್ಕೆ ಹಾರುತ್ತಾ? ಅಷ್ಟೊತ್ತಿಗೆ ನನ್ನನ್ನು ಬ್ಲಾಕ್ ಮಾಡಿದ್ದ.

ಪರಿಚಯದ ಪಶುವೈದ್ಯೆ ಹೇಳಿದ್ದು ಕೇಳಿ ಹೊಟ್ಟೆ ಉರಿಯಿತು. ಹಕ್ಕಿಯ ಎದೆಮೂಳೆ ಆಡಿದರೇನೇ ಅದಕ್ಕೆ ಉಸಿರು. ಎದೆ ಅಮುಕಿದರೆ ಅಲ್ಲಿಗೇ ಮುಗಿಯಿತು. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ಹೀಗೆ ಬಿಟ್ಟ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಹದ್ದು ಗಾಯ ಮಾಡೋದು ಜಾಸ್ತಿ ಉಗುರಿನಿಂದ. ಗೊತ್ತಿರುವವರು ತಲೆ ಮುಚ್ಚುವ ಹಾಗೆ ದಪ್ಪ ಟವೆಲ್ ಹಾಕಿ, ರೆಕ್ಕೆಯನ್ನು ಮೈಗೆ ಮಡಿಸಿ, ಎರಡೂ ಕಾಲು ಹಿಡಿಯುತ್ತಾರೆ. ಕತ್ತಲಾದರೆ ಹಕ್ಕಿ ತಾನೇ ಸುಮ್ಮನಾಗುತ್ತದೆ.

ನೀವು ಹಿಡಿಯಲು ಹೋಗಬೇಡಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆ ಕವುಚಿ ಹಾಕಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಬಂದವನು ಮೊದಲು ದುಡ್ಡು ಕೇಳಿದರೆ ಹಕ್ಕಿ ಕೊಡಬೇಡಿ. ಯಾವ ಆಸ್ಪತ್ರೆಗೆ ಒಯ್ಯುತ್ತಾನೆ ಅಂತ ಕೇಳಿ, ಆ ಆಸ್ಪತ್ರೆಗೇ ಫೋನ್ ಮಾಡಿ. ನಾನು ಕೇಳಲಿಲ್ಲ. ಅವನ ನಂಬರ್ ಇನ್ನೂ ನಮ್ಮ ಏರಿಯಾದ ಎರಡು ಗುಂಪುಗಳಲ್ಲಿ ಓಡಾಡುತ್ತಿದೆ.